ಮೇಸ್ತ್ರಮ್ಮ ತಂದ ನೀರು

ನಮ್ಮ ಮನೆಗೂ ಮೇಸ್ತ್ರಮ್ಮನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅದೂ ಕಟ್ಟಿದವನು ಇಟ್ಟಿಗೆ ಉಳಿಸಿಕೊಂಡು ಕಟ್ಟಿದ ಗೋಡೆ. ಆ ಕಡೆ ಚಮಚ ಬಿದ್ದರೆ ಈ ಕಡೆ ನನ್ನ ಹೊಲಿಗೆ ಮಿಷನ್ನು ನಿಲ್ಲುತ್ತದೆ. ಕದ್ದು ಕೇಳುವ ಚಾಳಿ ನನಗಿಲ್ಲ. ಹಾಗೆಂದು ಕೇಳಿಸಿದ್ದನ್ನು ಕೇಳಿಸಲೇ ಇಲ್ಲ ಎನ್ನುವ ನಾಟಕವೂ ನನಗೆ ಬರುವುದಿಲ್ಲ. ಗೋಡೆ ಹೇಳದೆ ಬಿಟ್ಟದ್ದನ್ನು ಅವಳೇ ನನ್ನ ಹೊಸ್ತಿಲ ಮೇಲೆ ಕೂತು, ರವಿಕೆಗೆ ಗುಂಡಿ ಹಾಕಿಸಿಕೊಳ್ಳುವ ನೆಪದಲ್ಲಿ ಹೇಳಿದ್ದಾಳೆ.

ಮೇಸ್ತ್ರಮ್ಮ ಎಂದರೆ ಮನೆ ಕಟ್ಟಿಸುವವಳಲ್ಲ. ಕಳೆ ಕೀಳುವ ಹೆಂಗಸರ ಗುಂಪಿಗೆ ಅವಳು ಮೇಸ್ತ್ರಿ. ಯಾರ ಹೊಲಕ್ಕೆ ಯಾವತ್ತು ಹೋಗಬೇಕು, ಎಷ್ಟು ಜನ ಬೇಕು, ಯಾರಿಗೆ ಯಾವ ಸಾಲು, ಎಲ್ಲ ಅವಳದೇ ತೀರ್ಮಾನ. ಮೊದಲ ಸಾಲು ಯಾವಾಗಲೂ ಅವಳದು. ಅವಳ ಕೈ ಎಷ್ಟು ಬೇಗ ಓಡುತ್ತದೋ ಉಳಿದವರ ಕೈಯೂ ಅಷ್ಟು ಬೇಗ ಓಡಲೇಬೇಕು. ಆ ಗುಂಪಿನಲ್ಲಿ ಅವಳ ಒಡಹುಟ್ಟಿದ ಅಕ್ಕನೂ ಇದ್ದಳು. ಅವಳನ್ನು ನಾವೆಲ್ಲ ದೊಡ್ಡಕ್ಕ ಎನ್ನುತ್ತಿದ್ದೆವು. ತಾಯಿ ಸತ್ತಾಗ ಮೇಸ್ತ್ರಮ್ಮ ಇನ್ನೂ ತೊದಲುವ ಮಗು. ದೊಡ್ಡಕ್ಕ ಅವಳನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬೆಳೆಸಿದವಳು. ಈಗ ದೊಡ್ಡಕ್ಕನ ಗಂಡ ಹಾಸಿಗೆ ಹಿಡಿದಿದ್ದ. ದುಡಿಯುವ ಕೈ ಅವಳದೊಂದೇ, ಆ ಕೈಗೆ ಬರುತ್ತಿದ್ದ ಕೆಲಸವೂ ಒಂದೇ.

ಇನ್ನು ಮೇಸ್ತ್ರಮ್ಮನ ಗಂಡ. ಒಳ್ಳೆಯ ಮನುಷ್ಯ, ಆದರೆ ಕೆಲಸ ಎನ್ನುವುದು ಅವನ ಕೈಗೆ ಹತ್ತುತ್ತಿರಲಿಲ್ಲ. ಮರ ಕೊಯ್ಯುವ ಮಿಲ್ಲಿಗೆ ಹೋದ, ಮೂಟೆ ಹೊರಲು ಹೋದ, ಗೋದಾಮಿನ ಕಾವಲಿಗೂ ಹೋದ. ಯಾವ ಕೆಲಸಕ್ಕೆ ಹೋದರೂ ವಾಪಸು ಬರುವ ದಾರಿಯನ್ನು ಮೊದಲೇ ಗುರುತು ಮಾಡಿಕೊಂಡು ಹೋಗುತ್ತಾನೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ನಾನೂ ಆಡಿಕೊಂಡಿದ್ದೇನೆ. ಕಡೆಗೆ ಔಷಧಿ ಅಂಗಡಿಯವರು ಬೆನ್ನಿಗೆ ಹಾಕುವ ಪಂಪೊಂದನ್ನು ಅವನಿಗೆ ಕೊಟ್ಟು, ಕಳೆ ಔಷಧಿ ಹೊಡೆಯುವುದನ್ನು ಕಲಿಸಿದರು. ಆ ದಿನದಿಂದ ಅವನು ಬೇರೆಯೇ ಮನುಷ್ಯನಾದ. ಎಲ್ಲರೂ ಅವನನ್ನು ಪಂಪಿನಣ್ಣ ಎಂದು ಕರೆಯತೊಡಗಿದರು. ಆ ಹೆಸರಿಗೆ ಅವನು ಉಬ್ಬಿಹೋಗುತ್ತಿದ್ದ.

ಕೆಲವರು ಪಂಪು ಹೊತ್ತರೆ ಗೋಡೆಗೆ ಸುಣ್ಣ ಎರಚಿದ ಹಾಗೆ ಎರಚಿಕೊಂಡು ಹೋಗುತ್ತಾರೆ. ಪಂಪಿನಣ್ಣ ಹಾಗಲ್ಲ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಹೊಲದಲ್ಲಿರುತ್ತಿದ್ದ. ಒಂದು ಹಿಡಿ ಒಣ ಹುಡಿಮಣ್ಣು ಬಿಟ್ಟು ಗಾಳಿ ಎತ್ತ ಬೀಸುತ್ತಿದೆ ಎಂದು ನೋಡುತ್ತಿದ್ದ. ಪಕ್ಕದ ಹೊಲದ ಕಡೆ ಹಾರಿದರೆ ಪಂಪು ಕೆಳಗಿಟ್ಟು ಕೂತುಬಿಡುತ್ತಿದ್ದ. ಹುಲ್ಲು ಎಳೆಯದಾಗಿ ಎರಡು ಮೂರು ಎಲೆ ಬಿಟ್ಟಿರುವಾಗಲೇ ಹೊಡೆಯಬೇಕು, ಬಲಿತ ಮೇಲೆ ಹೊಡೆಯುವುದು ಔಷಧಿಗೂ ಮೈಗೂ ದಂಡ ಎನ್ನುತ್ತಿದ್ದ. ಪಂಪಿನ ಕೋಲಿನ ತುದಿಗೆ ಔಷಧಿಯನ್ನು ಚಪ್ಪಟೆಯಾಗಿ ಹರಡುವ ನಾಜಲ್ಲು, ಒಂದೇ ಎತ್ತರಕ್ಕೆ ಹಿಡಿದ ಕೋಲು, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೊಡೆಯುವ ನಡಿಗೆ. ಹೊಡೆದ ಜಾಗವನ್ನು ತುಳಿಯಬಾರದಲ್ಲ, ಅದಕ್ಕೆ. ಹಾಗೆ ಹಿಮ್ಮುಖವಾಗಿ ನಡೆಯುವ ಅವನನ್ನು ನೋಡಿದವರು ಈ ಮನುಷ್ಯ ಮನೆಗೂ ಹಾಗೇ ಹೋಗುತ್ತಾನೇನೋ ಎಂದು ನಗುತ್ತಿದ್ದರು. ಅವನು ಹೊಡೆದ ಹೊಲವನ್ನು ವಾರ ಕಳೆದು ನೋಡಿದ ಮೇಲೆ ಆ ನಗು ನಿಲ್ಲುತ್ತಿತ್ತು.

ಅವನಿಗೆ ನೀರು ಹೊತ್ತು ತರುವುದು ಮೇಸ್ತ್ರಮ್ಮನ ಕೆಲಸ. ಮೊದಮೊದಲು ಗಂಡನ ಸಂಭ್ರಮಕ್ಕೆ ಜೊತೆಯಾಗಿ ಹೋದವಳು, ಆಮೇಲೆ ಅದೇ ರೂಢಿಯಾಯಿತು. ಅವಳು ಕೊಡದಲ್ಲಿ ನೀರು ತಂದು ಡ್ರಮ್ಮಿಗೆ ಸುರಿಯುವುದು, ಅವನು ಕೈಗವಸು ಹಾಕಿಕೊಂಡು ಔಷಧಿ ಅಳೆದು ಬೆರೆಸುವುದು. ರಾತ್ರಿ ಊಟಕ್ಕೆ ಕೂತಾಗ ಅವನ ಪಾಠ ಶುರು. ಗೋಡೆಯ ಈಚೆ ನನಗೂ ಪಾಠ.

"ನೀರಿದೆ ನೋಡು, ಅದೇ ಮುಖ್ಯ ಕಣೇ. ಹೊಲದ ಪಕ್ಕ ಹೊಂಡ ಇದೆ ಅಂತ ರಾಡಿ ನೀರು ಬಗ್ಗಿಸ್ಕೊಂಡ್ರೆ ಮುಗೀತು. ಈ ಔಷಧಿಗೆ ಮಣ್ಣು ಕಂಡ್ರೆ ಆಗಲ್ಲ. ಮಣ್ಣಿಗೇ ಅಂಟ್ಕೊಂಡು ಕೂತ್ಬಿಡುತ್ತೆ, ಹುಲ್ಲಿಗೆ ಏನೂ ಆಗಲ್ಲ. ಹುಲ್ಲು ಒಂಚೂರು ಹಳದಿಯಾಗಿ, ಆಮೇಲೆ ನಮ್ಮನ್ನ ನೋಡಿ ನಗುತ್ತೆ."

"ಅದಕ್ಕೇ ಅಲ್ವಾ ನಾನು ಅಷ್ಟು ದೂರದ ಬಾವಿಯಿಂದ ಹೊರೋದು," ಎನ್ನುತ್ತಿದ್ದಳು ಇವಳು.

"ನೀನು ತಂದ ನೀರಂದ್ರೆ ನಾನು ಕಣ್ಣು ಮುಚ್ಕೊಂಡು ಬೆರೆಸ್ತೀನಿ," ಎನ್ನುತ್ತಿದ್ದ ಅವನು.

ಹೀಗೇ ಇದ್ದಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ. ಆದರೆ ಗಂಡನ ಕೈ ಪಳಗಿದಷ್ಟೂ ಹೆಂಡತಿಯ ಗುಂಪಿಗೆ ಕರೆ ಕಡಿಮೆಯಾಯಿತು. ಮೊದಲು ಚಿಕ್ಕ ಹೊಲಗಳು ಹೋದವು. ಆಮೇಲೆ ಊರಿಗೆಲ್ಲ ದೊಡ್ಡ ಜಮೀನುದಾರರು, ಎಲ್ಲರೂ ಯಜಮಾನರು ಎನ್ನುವವರು, ಅವರ ಹೊಲವೂ ಪಂಪಿಗೆ ಹೋಯಿತು. ಬಿತ್ತುವ ಮುಂಚೆ ಮೊಳೆತ ಹುಲ್ಲಿಗೆ ಔಷಧಿ ಹೊಡೆಸಿ, ಅದು ಒಣಗಿದ ಮೇಲೆ ಬಿತ್ತುವುದು. ಬೆಳೆ ಮೇಲೇಳುವಾಗ ಕಳೆಯೇ ಇಲ್ಲದಿದ್ದರೆ ಹೆಂಗಸರನ್ನು ಯಾರು ಕರೆಯುತ್ತಾರೆ? ನಲ್ಲಿಯ ಹತ್ತಿರ ಗುಂಪಿನವರು ಮೇಸ್ತ್ರಮ್ಮನನ್ನು ನೋಡಿದರೆ ಮಾತು ನಿಲ್ಲಿಸುತ್ತಿದ್ದರು. ಒಬ್ಬಳಂತೂ ಮುಖದ ಮೇಲೇ ಅಂದಳು: "ನಮ್ಮ ಮೇಸ್ತ್ರಮ್ಮ ಜಾಣೆ. ನಮಗೆ ಸಾಲು ಹಂಚ್ತಾಳೆ, ಗಂಡನ ಕೈಲಿ ಹೊಲ ಒಣಗಿಸ್ತಾಳೆ." ಇವಳು ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದುಬಿಟ್ಟಳು.

ಆಮೇಲೊಂದು ಮಧ್ಯಾಹ್ನ ದೊಡ್ಡಕ್ಕ ಬಂದಳು. ಪಂಪಿನಣ್ಣ ಅಂಗಡಿಗೆ ಹೋಗಿದ್ದ. ಹಿತ್ತಿಲಲ್ಲಿ ಅಕ್ಕತಂಗಿಯರು ಕೂತರು. ನಾನು ಪಕ್ಕದಲ್ಲೇ ನಮ್ಮ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ನಾನಿರುವುದು ಅವರಿಗೆ ಗೊತ್ತಿತ್ತು. ನನ್ನನ್ನು ಮನೆಯವಳೇ ಎಂದುಕೊಂಡರೋ, ಹೊಲಿಗೆ ಮಿಷನ್ನಿನ ಸದ್ದಿಗೆ ನನ್ನ ಕಿವಿ ಹೋಗಿದೆ ಎಂದುಕೊಂಡರೋ.

"ಪುಟ್ಟಿ, ಒಂದು ಮಾತು ಕೇಳ್ತೀನಿ, ಬೈಬೇಡ," ಎಂದಳು ದೊಡ್ಡಕ್ಕ. "ನೀರು ತರೋಳು ನೀನೇ ತಾನೆ?"

"ಹೂಂ."

"ಈ ಸಲ ಯಜಮಾನರ ಹೊಲಕ್ಕೆ ಹೊಂಡದ್ದು ತಾ."

ರಾಡಿ ನೀರಿನ ವಿಷಯವನ್ನು ಕೆಲಸದ ನಡುವೆ ನಗೆಮಾತಾಗಿ ಅಕ್ಕನಿಗೆ ಹೇಳಿದ್ದವಳು ಮೇಸ್ತ್ರಮ್ಮನೇ.

"ಅಕ್ಕಾ, ಅವರ ಹೆಸರು ಹೋಗುತ್ತೆ. ಅವರಿಗೆ ಬಂದಿರೋ ಕೆಲಸ ಅಂದ್ರೆ ಇದೊಂದೇ."

"ನನಗೆಷ್ಟು ಕೆಲಸ ಬರುತ್ತೆ ಹೇಳು ನೋಡೋಣ. ಮನೆಯೊಳಗೆ ಮಲಗಿರೋರಿಗೆ ಏನು ಕೊಡ್ಲಿ, ಗಾಳಿನಾ? ಒಂದೇ ಒಂದು ಸಲ. ನಾನು ನಿನ್ನ ಹತ್ರ ಯಾವತ್ತಾದ್ರೂ ಏನಾದ್ರೂ ಕೇಳಿದೀನಾ?"

ಕೇಳಿರಲಿಲ್ಲ. ಅದೇ ತೊಂದರೆಯಾಯಿತು. ಕೊಟ್ಟು ಕೊಟ್ಟು ಏನೂ ಕೇಳದವರು ಒಂದು ದಿನ ಕೇಳಿದರೆ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ.

ಯಜಮಾನರ ಹೊಲಕ್ಕೆ ಹೋದ ದಿನ ಮೇಸ್ತ್ರಮ್ಮ ಹೊಂಡಕ್ಕೆ ಇಳಿದಳು. ಕಸಕಡ್ಡಿ ಕಾಣಬಾರದೆಂದು ಸೆರಗನ್ನೇ ಮಡಿಸಿ ಕೊಡದ ಬಾಯಿಗೆ ಹಿಡಿದು ಸೋಸಿದಳು. ಕಡ್ಡಿ ನಿಂತಿತು, ಮಣ್ಣಿನ ಕೆಂಪು ನಿಲ್ಲಲಿಲ್ಲ. ಡ್ರಮ್ಮಿನ ಒಳಗೆ ಹೇಗೂ ಕತ್ತಲು, ನಸುಕಿನ ಬೆಳಕು ಬೇರೆ. ಅವನು ಬೆನ್ನು ತಿರುಗಿಸಿ ನಾಜಲ್ಲು ಬಿಗಿಯುತ್ತಿದ್ದಾಗ ಸುರಿದಳು. ಅವನು ಔಷಧಿ ಬೆರೆಸಿದ, ಪಂಪು ಹೊತ್ತ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಇಡೀ ಹೊಲ ಹೊಡೆದ. ಬದುವಿನ ಮೇಲೆ ಕೂತು ನೋಡುತ್ತಿದ್ದ ಇವಳಿಗೆ ಅವನು ಒಂದು ಸಾಲೂ ತಪ್ಪದೆ ಹೊಡೆಯುವುದನ್ನು ನೋಡಲಾಗಲಿಲ್ಲ. ಎಲ್ಲಾದರೂ ಒಂದು ಕಡೆ ತಪ್ಪು ಮಾಡಬಾರದೇ ಎಂದು ಅನ್ನಿಸಿತಂತೆ.

ಹುಲ್ಲು ಹಳದಿಯಾಯಿತು, ನಾಲ್ಕು ದಿನ ಮುಖ ಬಾಡಿಸಿಕೊಂಡಿತು, ಆಮೇಲೆ ಚಿಗುರಿತು. ಯಜಮಾನರು ಬಿತ್ತಿದ ಮೇಲಂತೂ ಬೆಳೆಗಿಂತ ಅದೇ ಮುಂದೆ. ಯಜಮಾನರು ಪಂಪಿನಣ್ಣನನ್ನು ಕರೆಸಿ ನಾಲ್ಕು ಜನರ ಎದುರು ಬೈದರು. ಮರುದಿನವೇ ಮೇಸ್ತ್ರಮ್ಮನಿಗೆ ಕರೆ ಬಂತು: ನಿನ್ನ ಗುಂಪು ಕರೆದುಕೊಂಡು ಬಾ. ಎಷ್ಟೋ ಕಾಲದ ಮೇಲೆ ಹೆಂಗಸರೆಲ್ಲ ಸಾಲು ಹಿಡಿದು ಕೂತರು, ನಕ್ಕರು, ಮೇಸ್ತ್ರಮ್ಮನಿಗೆ ತಮ್ಮ ಡಬ್ಬಿಯ ಊಟ ಕೊಟ್ಟರು. ದೊಡ್ಡಕ್ಕ ತಂಗಿಯ ಕೈಯನ್ನು ಒಮ್ಮೆ ಗಟ್ಟಿಯಾಗಿ ಒತ್ತಿದಳು. ಇವಳು ಆ ಡಬ್ಬಿಯನ್ನು ಮುಚ್ಚಿ ಪಕ್ಕಕ್ಕಿಟ್ಟಳು.

ಅಂದಿನಿಂದ ಸಂಜೆಯಾದರೆ ಹಿತ್ತಿಲಲ್ಲಿ ಸುಯ್ಯೆನ್ನುವ ಸದ್ದು. ಪಂಪಿನಣ್ಣ ಬರಿಯ ನೀರು ತುಂಬಿಸಿಕೊಂಡು ಒಣ ನೆಲದ ಮೇಲೆ ಹೊಡೆದು ನೋಡುತ್ತಿದ್ದ. ನೀರು ಸಮನಾಗಿ ಹರಡುತ್ತಿದೆಯೇ, ಒಂದು ಬದಿ ಹೆಚ್ಚಾಗುತ್ತಿದೆಯೇ ಎಂದು ಬಗ್ಗಿ ನೋಡುವುದು, ನಾಜಲ್ಲು ಬಿಚ್ಚುವುದು, ಹಳೆಯ ಬ್ರಷ್ಷಿನಲ್ಲಿ ಉಜ್ಜುವುದು, ಮತ್ತೆ ಹೊಡೆಯುವುದು. ಮೇಸ್ತ್ರಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದಳು.

"ಎಲ್ಲಿ ತಪ್ಪಿತು ಅಂತ ಗೊತ್ತಾಗ್ತಿಲ್ಲ ಕಣೇ," ಎನ್ನುತ್ತಿದ್ದ ಅವನು. "ನಾಜಲ್ಲು ಸರಿ ಇದೆ. ಅಳತೆ ಸರಿ ಇದೆ. ಅವತ್ತು ಮಳೇನೂ ಬರಲಿಲ್ಲ. ನಿನಗೇನಾದ್ರೂ ತೋಚುತ್ತಾ?"

"ನನಗೇನು ಗೊತ್ತಾಗುತ್ತೆ ರೀ."

ಹೀಗೆ ಒಂದು ದಿನ, ಎರಡು ದಿನ ಅಲ್ಲ. ಪ್ರತಿ ಸಂಜೆ ಅದೇ ಪ್ರಶ್ನೆ, ಅದೇ ಉತ್ತರ. ಈಚೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ನನ್ನದು ಬಾಯಿಗೆ ಬಂದದ್ದನ್ನು ಅಂದು ಹಗುರಾಗುವ ಜಾತಿ. ಒಂದು ಸಂಜೆ ತಡೆಯಲಾರದೆ ಕತ್ತರಿಯ ಹಿಡಿಯಿಂದ ಗೋಡೆಗೆ ಟಕಟಕ ಬಡಿದೆ. ಹೇಳಿಬಿಡೇ ಎಂದು ಅದರ ಅರ್ಥ. ಆ ಕಡೆ ಪಂಪಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮೇಸ್ತ್ರಮ್ಮ ಬಂದು, "ಟೈಲರಮ್ಮ, ಪಂಪಿನ ಸದ್ದು ತೊಂದರೆ ಆಯ್ತಾ?" ಎಂದು ಕೇಳಿದಳು. ಅವಳ ಕಣ್ಣು ಊದಿತ್ತು. ನಾನು ಇಲ್ಲ ಎಂದೆ. ಆಗ ಹೊಸ್ತಿಲ ಮೇಲೆ ಕುಸಿದು ಕೂತು ಎಲ್ಲ ಹೇಳಿದಳು.

"ಹೇಳಿದ್ರೆ ಅವರು ನನ್ನ ಮುಖ ನೋಡಲ್ಲ. ಹೇಳದೆ ಇದ್ರೆ ನಾನು ಅವರ ಮುಖ ನೋಡೋಕಾಗ್ತಿಲ್ಲ. ಬಾವಿಗೆ ಹೋದ್ರೆ ಅಕ್ಕ ಸಾಯ್ತಾಳೆ, ಹೊಂಡಕ್ಕೆ ಹೋದ್ರೆ ಇವರು ಸಾಯ್ತಾರೆ. ನಾನೆಲ್ಲಿಗೆ ಹೋಗ್ಲಿ ಟೈಲರಮ್ಮ?"

ಊರಿಗೆಲ್ಲ ಬುದ್ಧಿ ಹೇಳುವ ನಾನು ಅಂದು ಅವಳ ರವಿಕೆಗೆ ಗುಂಡಿ ಹೊಲಿದು ಕೊಟ್ಟು ಕಳಿಸಿದೆ.

ಒಂದೇ ಸಲ ಎಂದಿದ್ದು ಒಂದೇ ಸಲಕ್ಕೆ ನಿಲ್ಲಲಿಲ್ಲ. ಬೇರೆ ಹೊಲವೊಂದಕ್ಕೆ ಪಂಪಿನಣ್ಣನನ್ನು ಕರೆದಾಗ ದೊಡ್ಡಕ್ಕ ಮತ್ತೆ ಬಂದಳು. ಈ ಸಲ ಒಬ್ಬಳೇ ಬರಲಿಲ್ಲ, ಹಿಂದೆ ಗುಂಪಿನವರಿದ್ದರು. ಯಾರೂ ಹೆದರಿಸಲಿಲ್ಲ. "ನಿನ್ನ ಗಂಡನಿಗೆ ನಾವ್ಯಾಕೆ ಹೇಳೋಣ ಹೇಳು," ಎಂದು ನಗುತ್ತಾ ಅಂದರು. ಆ ನಗು ಕೇಳಿದ ಮೇಲೆ ಹೆದರಿಸುವುದು ಬೇಕಿರಲಿಲ್ಲ. ಮೇಸ್ತ್ರಮ್ಮ ಮತ್ತೆ ಹೊಂಡಕ್ಕೆ ಇಳಿದಳು. ಆ ಹೊಲವೂ ಚಿಗುರಿತು. ಪಂಪಿನಣ್ಣನ ಕೈಗುಣ ಹೋಯಿತು ಎಂದು ಮಾತು ಹಬ್ಬಿತು. ಅಂಗಡಿಯವರು ಕೂಡ, ಔಷಧಿ ಸರಿಯಾಗೇ ಇದೆಯಪ್ಪ, ನಿನ್ನಲ್ಲೇ ಏನೋ ಆಗಿದೆ ಎಂದುಬಿಟ್ಟರು. ಅವನು ಓಣಿಯಲ್ಲಿ ತಲೆ ಎತ್ತಿ ನಡೆಯುವುದು ಬಿಟ್ಟ. ಪಂಪಿನಣ್ಣ ಎಂದು ಯಾರಾದರೂ ಕೂಗಿದರೆ ಕೇಳಿಸದವನ ಹಾಗೆ ಹೋಗುತ್ತಿದ್ದ.

ಕಡೆಗೆ ಯಜಮಾನರು ಹೇಳಿ ಕಳಿಸಿದರು. ಹೊಸ ಬಿತ್ತನೆ ಬಂದಿದೆ, ಇದೊಂದು ಸಲ ನೋಡುತ್ತೇನೆ. ಈ ಸಲವೂ ಹುಲ್ಲು ಎದ್ದರೆ ಬೇರೆಯವನನ್ನು ಕರೆಸುತ್ತೇನೆ, ನೀನು ಪಂಪನ್ನು ಅಂಗಡಿಗೆ ವಾಪಸು ಕೊಟ್ಟುಬಿಡು.

ಹೊಲಕ್ಕೆ ಹೋಗುವ ಹಿಂದಿನ ದಿನ ದೊಡ್ಡಕ್ಕ ಬಂದು ಬಾಗಿಲಲ್ಲೇ ನಿಂತಳು. ತಂಗಿ ಒಳಗೆ ಕರೆಯಲಿಲ್ಲ. "ಪುಟ್ಟಿ?" ಎಂದಷ್ಟೇ ಕೇಳಿದಳು ದೊಡ್ಡಕ್ಕ. ಮೇಸ್ತ್ರಮ್ಮ ತಲೆ ಅಲ್ಲಾಡಿಸಿದಳು, ಆಗಲ್ಲ ಎಂದು. ದೊಡ್ಡಕ್ಕ ಕೂಗಾಡಲಿಲ್ಲ, ಶಪಿಸಲೂ ಇಲ್ಲ. ಮಂಡಿ ಹಿಡಿದುಕೊಂಡು ಮೂರು ಮೆಟ್ಟಿಲು ಇಳಿಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಅದನ್ನು ನೋಡುತ್ತಾ ನಿಂತಿದ್ದ ತಂಗಿಯ ಮೇಲೆ ನನಗೆ ಸಿಟ್ಟೂ ಬಂತು, ಕನಿಕರವೂ ಬಂತು.

ಮರುದಿನ ಬೆಳಿಗ್ಗೆ ಮೇಸ್ತ್ರಮ್ಮ ಹೊಂಡದ ಕಡೆ ತಿರುಗಿಯೂ ನೋಡದೆ ಬಾವಿಗೆ ಹೋದಳು. ಬಾವಿ ಎರಡು ಹೊಲ ದಾಟಿ ದಿಬ್ಬದ ಆಚೆ. ಕೊಡದ ಮೇಲೆ ಕೊಡ ಹೊತ್ತು ತಂದಳು. ಬೆವರು ಕಣ್ಣಿಗಿಳಿಯುತ್ತಿದ್ದರೂ ಮನಸ್ಸು ಹಗುರವಾಗಿತ್ತಂತೆ. ಇವತ್ತು ಹುಲ್ಲು ಒಣಗುತ್ತದೆ, ಇವರ ಹೆಸರು ಉಳಿಯುತ್ತದೆ, ಹಳೆಯದು ಹಳೆಯದಾಗಿ ಹೋಗುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದುಕೊಂಡಳು.

ಕಡೆಯ ಕೊಡ ಸುರಿದಾಗ ಪಂಪಿನಣ್ಣ ಡ್ರಮ್ಮಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಒಳಗೆ ಬಗ್ಗಿ ನೋಡಿದ. ತಳ ಕಾಣುತ್ತಿತ್ತು. ಬಹಳ ಹೊತ್ತು ಹಾಗೇ ನೋಡಿದ.

"ಇವತ್ತು ಬಾವಿಗೆ ಹೋಗಿದ್ಯಾ?" ಎಂದ.

ಮೇಸ್ತ್ರಮ್ಮ ಕೈಯಲ್ಲಿದ್ದ ಕೊಡವನ್ನು ನೆಲಕ್ಕಿಟ್ಟಳು.

"ಯಾವಾಗಿಂದ ಗೊತ್ತು?"

"ಮೊದಲನೇ ದಿನದಿಂದ. ಸಾಯಂಕಾಲ ಪಂಪು ತೊಳೆಯೋನು ನಾನಲ್ವಾ. ತಳದಲ್ಲಿ ಕೆಂಪು ಮಣ್ಣು ಕೂತಿತ್ತು."

"ಮತ್ತೆ ಅಷ್ಟು ದಿನ ಹಿತ್ತಿಲಲ್ಲಿ ನಾಜಲ್ಲು ಬಿಚ್ಚಿ, ಉಜ್ಜಿ, ಎಲ್ಲಿ ತಪ್ಪಿತು ಅಂತ ನನ್ನ ಕೇಳ್ತಿದ್ರಲ್ಲ..."

"ನೀನೇ ಹೇಳ್ತೀಯ ಅಂತ ಕೇಳ್ತಿದ್ದೆ," ಎಂದ ಅವನು.

ಆಮೇಲೆ ಔಷಧಿ ಅಳೆದ, ಬೆರೆಸಿದ, ಪಂಪು ಬೆನ್ನಿಗೇರಿಸಿದ. ಅವಳು ಕಾಲು ಹಿಡಿಯಲು ಹೋದಾಗ, ಔಷಧಿ ಇದೆ, ಮುಟ್ಟಬೇಡ ಎಂದು ಹಿಂದೆ ಸರಿದ. ಎಂದಿನಂತೆ ಒಂದು ಸಾಲೂ ತಪ್ಪದೆ ಹೊಡೆದ.

ಎಂಥ ಮನುಷ್ಯ! ಇದನ್ನು ಕೇಳಿದಾಗ ನನಗೆ ಮೊದಲು ಬಂದದ್ದು ಕೋಪ. ಗೊತ್ತಿದ್ದ ಮೇಲೆ ಕಪಾಳಕ್ಕೆ ಕೊಡುವಂತೆ ಎರಡು ಮಾತು ಆಡಿ ಮುಗಿಸಬಾರದಿತ್ತೇ? ಎರಡನೆಯ ಹೊಲಕ್ಕೆ ಅದೇ ರಾಡಿ ನೀರನ್ನು ತಿಳಿದೂ ತಿಳಿದೂ ಬೆರೆಸಿದನಲ್ಲ! ತನ್ನ ಹೆಸರಿಗೆ ಮಸಿ ಬಳಿದುಕೊಳ್ಳುತ್ತಾ ಹೆಂಡತಿ ಬಾಯಿ ತೆರೆಯಲಿ ಎಂದು ಕಾಯುವುದು ಯಾವ ಸೀಮೆಯ ತಾಳ್ಮೆ? ಬೈದಿದ್ದರೆ ಅವಳೂ ಅತ್ತು ಹಗುರಾಗುತ್ತಿದ್ದಳು. ಅವನು ಅಷ್ಟನ್ನೂ ಕೊಡಲಿಲ್ಲ.

ಯಜಮಾನರ ಹೊಲದ ಹುಲ್ಲು ಸುಟ್ಟ ಹಾಗೆ ಒಣಗಿತು. ಬಿತ್ತಿದ ಬೆಳೆ ಮಾತ್ರ ಎದ್ದಿತು. ಪಂಪಿನಣ್ಣನ ಕೈಗುಣ ತಿರುಗಿ ಬಂತು ಎಂದು ಓಣಿಯೆಲ್ಲ ಮಾತು. ಹೆಂಗಸರ ಗುಂಪು ದೂರದ ಹೊಲಗಳಿಗೆ ಬೇರೆ ಮೇಸ್ತ್ರಿಯ ಜೊತೆ ಹೋಗತೊಡಗಿತು. ಅಷ್ಟು ದೂರ ನಡೆಯಲಾರದ ದೊಡ್ಡಕ್ಕ ಇಟ್ಟಿಗೆ ಗೂಡಿನಲ್ಲಿ ಬೂದಿ ಬಾಚುವ ಕೆಲಸಕ್ಕೆ ಸೇರಿದಳು. ತಂಗಿ ಕೊಟ್ಟು ಕಳಿಸಿದ್ದನ್ನೆಲ್ಲ ಅವಳು ಹಾಗೇ ವಾಪಸು ಕಳಿಸಿದಳು.

ಈಗ ಗೋಡೆಯ ಆ ಕಡೆ ಬಹಳ ಶಾಂತಿ. ಜಗಳವಿಲ್ಲ. ಊಟವಾಯಿತಾ, ದೀಪ ಆರಿಸಲಾ, ಅಷ್ಟೇ ಮಾತು. ಪಾಠವೂ ನಿಂತಿದೆ. ಮೇಸ್ತ್ರಮ್ಮ ಎಂದು ಕರೆಯಲು ಗುಂಪಿಲ್ಲದಿದ್ದರೂ ನಾನು ಮಾತ್ರ ಅವಳನ್ನು ಹಾಗೇ ಕರೆಯುತ್ತೇನೆ. ಅವಳು ಈಗಲೂ ಗಂಡನ ಜೊತೆ ಹೊಲಕ್ಕೆ ಹೋಗುತ್ತಾಳೆ, ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡುತ್ತಾಳೆ?

ಅವರ ಹಿಂದೆಯೇ ಬದುವಿನ ದಾರಿಯಲ್ಲಿ ಮೊನ್ನೆ ನಾನು ಹೋಗುತ್ತಿದ್ದೆ, ಯಜಮಾನರ ಮನೆಗೆ ಪರದೆಯ ಅಳತೆ ತೆಗೆಯಲು. ಹೊಲ ಮುಟ್ಟಿದ ಕೂಡಲೇ ಮೇಸ್ತ್ರಮ್ಮ ಬಗ್ಗಿ ಕೊಡಗಳನ್ನು ಎತ್ತಿಕೊಂಡಳು. ಪಂಪಿನಣ್ಣ ಹತ್ತಿರ ಬಂದು ಒಂದೊಂದಾಗಿ ಅವಳ ಕೈಯಿಂದ ಬಿಡಿಸಿಕೊಂಡ.

"ರೀ, ನಾನು ತರ್ತೀನಿ ಕೊಡಿ," ಎಂದಳು. ದನಿಯಲ್ಲಿ ಜೀವವೇ ಇರಲಿಲ್ಲ. "ಬಾವಿದೇ ತರ್ತೀನಿ. ಒಂದು ಸಲ ಕೊಡಿ."

"ಬೇಡ," ಎಂದ ಅವನು, ಮಗುವಿಗೆ ಹೇಳುವಷ್ಟು ಮೆತ್ತಗೆ. "ಬಾವಿ ದೂರ. ನೀನು ಕೂತ್ಕೋ."